ಒಂದು ಬಕೆಟ್ಟಿಗೆ ಒಂದೇ ಟೊಮೇಟೊ ಯಾಕೆ ಅಂದ್ರೆ

ಪುಟ್ಟಿ, ದೊಡ್ಡಮ್ಮ ಮಾತಾಡ್ತಿದೀನಿ. ಇದನ್ನೆಲ್ಲ ಟೈಪ್ ಮಾಡ್ತಾ ಕೂತ್ರೆ ಸಂಜೆ ಆಗುತ್ತೆ, ಅದಕ್ಕೆ ಬಾಯಲ್ಲೇ ಹೇಳ್ಬಿಡ್ತೀನಿ. ಸ್ವಲ್ಪ ಉದ್ದ ಆಗುತ್ತೆ ಕಣಮ್ಮ, ಕೈಕೆಲಸ ಮಾಡ್ತಾ ಕೇಳು.

ನಿನ್ನೆ ರಾತ್ರಿ ನೀನು ಗುಂಪಿಗೆ ಹಾಕಿದ ಫೋಟೋ ನೋಡ್ದೆ. ವಿಜಯನಗರದ ಮನೆ ತಾರಸಿ, ಗೋಡೆ ಪಕ್ಕಕ್ಕೆ 20 ಲೀಟರಿನ 5 ಪೇಂಟ್ ಬಕೆಟ್ಟು, ಒಂದು ಅಗಲವಾದ ಕಪ್ಪು ಟಬ್ಬು. ಟ್ರೇನಲ್ಲಿ 12 ಟೊಮೇಟೊ ಸಸಿ, 6 ಮೆಣಸಿನ ಸಸಿ, 2 ಬದನೆ, ಜೊತೆಗೆ ಸೊಪ್ಪಿನ ಬೀಜದ ಪೊಟ್ಟಣ. ಒಂದೊಂದಕ್ಕೆ ಎಷ್ಟು ಗಿಡ ನೆಡ್ಲಿ, ಟಬ್ಬು ದೊಡ್ಡದಿದೆಯಲ್ಲ ಅದಕ್ಕೆ 6 ಟೊಮೇಟೊ ಹಾಕ್ಲಾ ಅಂತ ಕೇಳಿದ್ದೆ. ಅದರ ಕೆಳಗೆ ನಿಮ್ಮ ಮಾವ, "ಎಲ್ಲಾ ನೆಟ್ಬಿಡು, ಉಳಿಯೋದು ಉಳ್ಕೊಳ್ಳುತ್ತೆ" ಅಂತ ಬರೆದಿದ್ದ. ತಮ್ಮಾ, ಕೇಳಿಸ್ಕೊಳ್ತಿದ್ರೆ ಬೇಜಾರು ಮಾಡ್ಕೋಬೇಡಪ್ಪ, ಈ ಮಾತು ನಾನು ಒಪ್ಪಲ್ಲ. ಹೊಲದಲ್ಲಿ ಬೇರು ಜಾಗ ಹುಡುಕ್ಕೊಂಡು ಆಚೆ ಹೋಗುತ್ತೆ. ಬಕೆಟ್ಟಲ್ಲಿ ಎಲ್ಲಿಗೆ ಹೋಗುತ್ತೆ? ಅಲ್ಲಿ ಒಂದು ಸತ್ತು ಇನ್ನೊಂದು ಬದುಕಲ್ಲ. ಅಷ್ಟೂ ಗಿಡ ಅರೆಹೊಟ್ಟೆಲಿ ನಿಂತಿರ್ತವೆ.

ಮೊದಲು ಟಬ್ಬಿನ ವಿಷಯ. ಅದಕ್ಕೆ 6 ಬೇಡ, ಒಂದೂ ಟೊಮೇಟೊ ಬೇಡ. ಫೋಟೋನಲ್ಲಿ ಟಬ್ಬಿನ ಪಕ್ಕ ನಿನ್ನ ಚಪ್ಪಲಿ ಬಿದ್ದಿತ್ತು, ಅದರ ಅಂದಾಜಲ್ಲಿ ನೋಡಿದ್ರೆ ಟಬ್ಬು 20 ಇಂಚು ಅಗಲ ಇದ್ದೀತು, ಆಳ 8 ಇಂಚು ದಾಟಲ್ಲ. ನಮ್ಮ ಕಣ್ಣು ಅಗಲ ನೋಡಿ ದೊಡ್ಡದು ಅಂದ್ಕೊಳ್ಳುತ್ತೆ. ಟೊಮೇಟೊ, ಬದನೆ ಥರದ ಗಿಡಕ್ಕೆ ಬೇಕಾಗಿರೋದು ಆಳ. ಒಂದಡಿಯಾದ್ರೂ ಮಣ್ಣಿರಬೇಕು. ಆ ಆಳ ಇರೋದು ನಿನ್ನ ಪೇಂಟ್ ಬಕೆಟ್ಟಲ್ಲಿ.

ಇದನ್ನ ನಾನು ಕೈ ಸುಟ್ಕೊಂಡು ಕಲಿತಿದ್ದು. ಎರಡು ವರ್ಷದ ಹಿಂದೆ ಸಂಕ್ರಾಂತಿ ಆದ್ಮೇಲೆ ಒಂದು 18 ಇಂಚಿನ ಗ್ರೋ ಬ್ಯಾಗಿಗೆ 5 ಟೊಮೇಟೊ ನೆಟ್ಟಿದ್ದೆ. ಸಸಿ ಮಾರಿದವರೇ "ಐದು ಹಾಕಿ ಮೇಡಂ, ತುಂಬ್ಕೊಂಡು ಚೆನ್ನಾಗಿ ಕಾಣುತ್ತೆ" ಅಂದಿದ್ರು. ನಿಜ ಹೇಳ್ಬೇಕು ಅಂದ್ರೆ ಒಂದು ತಿಂಗಳು ಕಣ್ಣಿಗೆ ಹಬ್ಬ. ಗುಂಪಲ್ಲಿ ಫೋಟೋ ಹಾಕಿದ್ದೆ, ನೀವೆಲ್ಲ ಹೊಗಳಿದ್ರಿ. ಹೂವು ಬಿಡೋ ಹೊತ್ತಿಗೆ ಶುರುವಾಯ್ತು ನೋಡು. ಬೆಳಿಗ್ಗೆ 7 ಗಂಟೆಗೆ ತಳದಿಂದ ಸೋರೋವರೆಗೂ ನೀರು ಹಾಕಿದ್ರೆ 12 ಗಂಟೆಗೆ ಐದೂ ಗಿಡ ತಲೆ ಬಗ್ಗಿಸ್ಕೊಂಡು ನಿಂತಿರೋವು. ಶಿವರಾತ್ರಿ ಕಳೆದ ಮೇಲೆ ಮೈಸೂರಿನ ತಾರಸಿ ಹೇಗೆ ಕಾಯುತ್ತೆ ಅಂತ ನಿಂಗೇ ಗೊತ್ತಲ್ಲ. ಕಾಯಿ ಬಿಟ್ಟ ಒಂದು ಟೊಮೇಟೊ ಗಿಡ ಬಿಸಿಲುಗಾಲದಲ್ಲಿ ದಿನಕ್ಕೆ ಒಂದೂವರೆ, ಎರಡು ಲೀಟರ್ ನೀರು ಎಳೆಯುತ್ತೆ. ಐದು ಗಿಡ ಅಂದ್ರೆ ಲೆಕ್ಕ ಹಾಕು, ಅಷ್ಟು ನೀರು ಹಿಡಿದಿಟ್ಕೊಳ್ಳೋ ಮಣ್ಣು ಆ ಬ್ಯಾಗಲ್ಲಿ ಇರ್ಲಿಲ್ಲ.

ಆಮೇಲೆ ಕಾಯಿ ತಳ ಕಪ್ಪಾಗೋಕೆ ಶುರುವಾಯ್ತು. ನಿಂಬೆಹಣ್ಣಿನ ಗಾತ್ರದ ಹಸಿ ಕಾಯಿ, ತೊಟ್ಟಿನ ಕಡೆ ಚೆನ್ನಾಗಿದೆ, ತಿರುಗಿಸಿ ನೋಡಿದ್ರೆ ಕೆಳಗೆ ಒಂದು ರೂಪಾಯಿ ನಾಣ್ಯದಷ್ಟು ಚರ್ಮ ಸುಟ್ಟ ಹಾಗೆ ಒಳಕ್ಕೆ ಕುಸಿದಿದೆ. ನಾನು ಯಾವುದೋ ರೋಗ ಅಂದ್ಕೊಂಡು ಬೇವಿನೆಣ್ಣೆ ಹೊಡೆದೆ. ರೋಗ ಅಲ್ವೇ ಅಲ್ಲ ಅದು. ಮಣ್ಣು ಒಂದ್ಸಲ ಒದ್ದೆ, ಒಂದ್ಸಲ ಬಣಬಣ ಅಂತ ಆಗ್ತಿದ್ರೆ ನೀರಿನ ಜೊತೆ ಹೋಗ್ಬೇಕಾದ ಸುಣ್ಣದಂಶ, ಕ್ಯಾಲ್ಸಿಯಂ, ಕಾಯಿಯ ತುದಿವರೆಗೂ ಹೋಗಿ ತಲುಪಲ್ಲ. ಮಣ್ಣಲ್ಲಿ ಸುಣ್ಣ ಇದ್ರೂ ಅಷ್ಟೆ. ಗಿಡ ಜಾಸ್ತಿಯಾಗಿ ಮಣ್ಣು ಬೇಗ ಒಣಗಿದ್ದೇ ಮೂಲ. ಒಳಗಡೆ ಎಲೆಗಳಿಗೆ ಗಾಳಿಯೂ ಇಲ್ಲ, ಬಿಸಿಲೂ ಇಲ್ಲ. ಎಲೆ ಸರಿಸಿದ್ರೆ ಬಿಳಿ ನೊಣ ಪುರ್ ಅಂತ ಏಳೋದು. ಆ ನೊಣ ರಸ ಹೀರೋದು ಹಾಗಿರ್ಲಿ, ಎಲೆ ಮುಟುರೋ ರೋಗವನ್ನ ಒಂದು ಗಿಡದಿಂದ ಇನ್ನೊಂದಕ್ಕೆ ದಾಟಿಸೋದೂ ಅದೇ.

ಕೊನೆಗೆ ಯುಗಾದಿ ಆದ ಮೇಲೆ ಗಿಡ ಕಿತ್ತೆ. ಬ್ಯಾಗು ಸೀಳಿದ್ರೆ ಮಣ್ಣು ಉದುರಲೇ ಇಲ್ಲ ಪುಟ್ಟಿ. ಬೇರು ಸುತ್ತಿ ಸುತ್ತಿ, ನಮ್ಮಮ್ಮ ನೀರಿನ ಬಿಂದಿಗೆ ಹೊರೋಕೆ ತಲೆ ಮೇಲೆ ಇಟ್ಕೊಳ್ತಿದ್ದ ಸಿಂಬೆ ಥರ ಆಗಿತ್ತು. ಯಾವ ಬೇರು ಯಾವ ಗಿಡದ್ದು ಅಂತ ಬಿಡಿಸೋಕೇ ಆಗ್ಲಿಲ್ಲ. ಅದನ್ನ ಕೈಲಿ ಹಿಡ್ಕೊಂಡಾಗ ನಂಗೆ ನಿಜವಾಗ್ಲೂ ಹೊಟ್ಟೆ ಉರಿದುಹೋಯ್ತು. ಐದೂ ಗಿಡ ಸೇರಿ ಕೊಟ್ಟಿದ್ದು 2 ಕೆಜಿ ಚಿಲ್ಲರೆ. ಮೂಲೇಲಿ ಒಂದು ಪೇಂಟ್ ಬಕೆಟ್ಟಿಗೆ ಮಿಕ್ಕಿದ್ದ ಒಂದು ಸಸಿ ನೆಟ್ಟಿದ್ದೆನಲ್ಲ, ಅದೊಂದೇ 3 ಕೆಜಿ ದಾಟಿಸ್ತು.

ತಮ್ಮಾ, ನಿಂಗೆ ಒಂದು ಮಾತು ನೆನಪು ಮಾಡ್ತೀನಿ. ಅಪ್ಪ ಭತ್ತದ ನಾಟಿ ಹಾಕಿಸುವಾಗ ಆಳುಗಳು ಗುಣಿಗೆ ಐದೈದು ಪೈರು ಇಟ್ರೆ ಬದುವಿನ ಮೇಲಿಂದಲೇ ಕೂಗೋರು, ಎರಡು ಮೂರು ಇಡ್ರಮ್ಮ ಸಾಕು ಅಂತ. ಆಮೇಲೆ ಶ್ರೀ ಪದ್ಧತಿ ಅಂತ ಬಂತಲ್ಲ, ಅದರಲ್ಲಿ ಇನ್ನೂ ಮುಂದಕ್ಕೆ ಹೋಗಿ ಗುಣಿಗೆ ಒಂದೇ ಪೈರು, ಅದೂ 8ರಿಂದ 12 ದಿನದ ಎಳೇದು, ಸುತ್ತ 25 ಸೆಂಟಿಮೀಟರ್ ಜಾಗ. ಮಡಗಾಸ್ಕರ್‌ನಲ್ಲಿ 1983ರ ಹೊತ್ತಿಗೆ ಒಬ್ಬ ಪಾದ್ರಿ ರೈತರ ಜೊತೆ ಗದ್ದೇಲೇ ಇದ್ದು ಕಂಡ್ಕೊಂಡ ಪದ್ಧತಿ. ನಮ್ಮ ಮಂಡ್ಯದ ಕಡೆ ಮೊದಲು ನೋಡ್ದೋರು ಇದೇನು ಬೋಳು ಗದ್ದೆ ಅಂದ್ಕೊಳ್ಳೋ ಹಾಗಿರುತ್ತೆ. ಆ ಒಂದು ಪೈರೇ ಜಾಗ ಸಿಕ್ಕಿತು ಅಂತ ಬುಡದಿಂದ 30ಕ್ಕೂ ಹೆಚ್ಚು ತೆಂಡೆ, ಅಂದ್ರೆ ಹೊಸ ಕವಲು, ಒಡೆಯುತ್ತೆ. ಭತ್ತಕ್ಕೂ ಟೊಮೇಟೊಗೂ ಹೋಲಿಕೆ ಪೂರ್ತಿ ಕೂಡಲ್ಲ, ಗೊತ್ತು. ಆದ್ರೆ ಗಿಡದ ಲೆಕ್ಕ ನೋಡಿ ಫಸಲು ಅಳೀಬಾರದು ಅನ್ನೋದನ್ನ ನಾವಿಬ್ರೂ ಆ ಬದುವಿನ ಮೇಲೇ ಕಲಿತಿದ್ವಿ, ಅಲ್ವಾ?

ಇರು ಪುಟ್ಟಿ, ಕುಕ್ಕರ್ ಮೂರು ಕೂಗಾಯ್ತು, ಒಲೆ ಆರಿಸಿ ಬರ್ತೀನಿ.

ಹಾಂ, ಈಗ ಲೆಕ್ಕ. ನಾನು 30 ವರ್ಷ ಹೈಸ್ಕೂಲಲ್ಲಿ ಗಣಿತ ಹೇಳ್ಕೊಟ್ಟೋಳು, ಲೆಕ್ಕ ಇಲ್ದೆ ಬಿಡಲ್ಲ. ಮೊದಲು ನಿನ್ನನ್ನೇ ಒಂದು ಕೇಳ್ಕೊ: ಈ ಗಿಡದಿಂದ ನಾನು ಎಲೆ ತಿಂತೀನಾ, ಕಾಯಿ ತಿಂತೀನಾ? ಕಾಯಿ ಬಿಡೋ ಗಿಡ ಮೂರು ನಾಲ್ಕು ತಿಂಗಳು ಅಲ್ಲೇ ಕೂತು ಸಂಸಾರ ಮಾಡ್ಬೇಕು, ಅದಕ್ಕೆ ಸ್ವಂತ ಬಕೆಟ್ಟು ಬೇಕು. ಟೊಮೇಟೊ 20 ಲೀಟರಿಗೆ ಒಂದು. ಬದನೆಗೂ ಒಂದು. ನಿನ್ನ ಹತ್ರ ಇರೋದು ಈರನಗೆರೆ ಬದನೆ ಅಂದ್ಯಲ್ಲ, ಚೆನ್ನಾಗಿ ಜಾಗ ಕೊಡು, ವಾಂಗೀಬಾತಿಗೆ ಅದರ ರುಚಿ ಬೇರೆ ಯಾವುದಕ್ಕೂ ಬರಲ್ಲ. ಮೆಣಸಿನ ಗಿಡ ಒಂದಿದ್ರೆ ಒಳ್ಳೇದು, ಎರಡಿದ್ರೂ ಒಂದು ಬಕೆಟ್ಟಲ್ಲಿ ತೂಗಿಸ್ಕೊಂಡು ಹೋಗುತ್ತೆ. ಬೆಂಡೆ ನೆಟ್ಟಗೆ ಮೇಲಕ್ಕೆ ಹೋಗೋ ಗಿಡ, ಬಕೆಟ್ಟಿಗೆ ಎರಡು ಸಾಕು, ಅದರ ತಾಯಿಬೇರು ನೇರ ಕೆಳಗಿಳಿಯುತ್ತೆ, ಹಾಗಾಗಿ ಸಸಿ ಮಾಡಿ ಕಿತ್ತು ನೆಡ್ಬೇಡ, ಬೀಜವನ್ನೇ ಊರು. ಬೀನ್ಸೋ ಅಲಸಂದೆಯೋ ಆದ್ರೆ ಮೂರು. ಹೀರೆ, ಹಾಗಲ ಒಂದೊಂದೇ, ಅದೂ ಇದಕ್ಕಿಂತ ದೊಡ್ಡ ಡ್ರಮ್ಮಿದ್ರೆ ವಾಸಿ.

ಸೊಪ್ಪಿನ ಕಥೆಯೇ ಬೇರೆ, ಅದಕ್ಕೆ ನಿನ್ನ ಟಬ್ಬು ಹೇಳಿ ಮಾಡಿಸಿದ ಹಾಗಿದೆ. 20 ಇಂಚು ಅಡ್ಡಳತೆ ಅಂದ್ರೆ ಅರ್ಧ 10, ಹತ್ತತ್ಲೇ ನೂರು, 3.14ರಿಂದ ಗುಣಿಸಿದ್ರೆ 314 ಚದರ ಇಂಚು. ನಿನ್ನ ಬಕೆಟ್ಟು 12 ಇಂಚು ಇಟ್ಕೋ, 113 ಚದರ ಇಂಚು. ನೋಡಿದ್ರೆ ಟಬ್ಬು ಬಕೆಟ್ಟಿನ ಒಂದೂವರೆಯಷ್ಟು ಅಗಲ ಅನ್ಸುತ್ತೆ, ಲೆಕ್ಕದಲ್ಲಿ ಜಾಗ ಎರಡೂಮುಕ್ಕಾಲು ಪಟ್ಟು. ಪಾಲಕ್ 4 ಇಂಚಿಗೊಂದು ಬಿಟ್ರೆ 19, 20 ಗಿಡ ಕೂರುತ್ತೆ, ಹೊರಗಿನ ಎಲೆ ಕೊಯ್ತಾ ಹೋಗು, ಒಳಗಿಂದ ಚಿಗುರ್ತಾನೆ ಇರುತ್ತೆ. ಮೆಂತ್ಯಕ್ಕೆ ಈ ಅಳತೆಯೂ ಬೇಡ, ಬೀಜ ಒಂದಕ್ಕೊಂದು ತಾಗದ ಹಾಗೆ ಉದುರಿಸು, 25–30 ದಿನಕ್ಕೆ ಬೇರು ಸಮೇತ ಕಿತ್ತು ಸಾರಿಗೆ ಹಾಕೋದು. ಅಷ್ಟು ಬೇಗ ಹೊರಟು ಹೋಗೋದಕ್ಕೆ ಒತ್ತಾಗಿದ್ರೆ ಏನೂ ನಷ್ಟ ಇಲ್ಲ. ಕೊತ್ತಂಬರಿಯೂ ಹಾಗೇ, ಬೀಜವನ್ನ ಲಟ್ಟಣಿಗೆಯಲ್ಲಿ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಹಾಕು.

ನಂಗೆ ಎಲ್ಲಕ್ಕಿಂತ ಇಷ್ಟ ದಂಟು. ಮೊದಲು ಟಬ್ಬಿನ ತುಂಬ ಚೆಲ್ಲು. ಮೂರು ವಾರಕ್ಕೆ ಗೇಣುದ್ದ ಬಂದಾಗ ಸಂದಿಯ ಸಣ್ಣವನ್ನೆಲ್ಲ ಕಿತ್ತು ಬಸ್ಸಾರು ಮಾಡು. ಇನ್ನೊಂದು ಹತ್ತು ದಿನಕ್ಕೆ ಮತ್ತೆ ಕಿತ್ತು ಪಲ್ಯ. ಕೊನೆಗೆ 6 ಇಂಚಿಗೊಂದರ ಹಾಗೆ 8 ಗಿಡ ಮಾತ್ರ ಉಳಿಸು, ಅವು ಬೆರಳು ಗಾತ್ರದ ದಂಟಾಗ್ತವೆ, ಹುಳಿಗೆ. ಒಂದೇ ಟಬ್ಬು, ಒಂದೇ ಬಿತ್ತನೆ, ಮೂರು ಥರದ ಅಡಿಗೆ. ಹೆಚ್ಚು ಬಿತ್ತೋದು ತಪ್ಪಲ್ಲ ಪುಟ್ಟಿ, ಸಮಯಕ್ಕೆ ಕೀಳದೆ ಇರೋದು ತಪ್ಪು.

ಈ ಕೀಳೋ ವಿಷಯದಲ್ಲೇ ಎಲ್ಲರಿಗೂ ಕೈ ತಡೆಯೋದು. ನಿನ್ನ ಟ್ರೇನ ಹತ್ತಿರದಿಂದ ನೋಡು, ಕೆಲವು ಗುಳಿಗಳಲ್ಲಿ ಎರಡೆರಡು ಟೊಮೇಟೊ ಸಸಿ ಜೊತೆಗೇ ನಿಂತಿದಾವೆ. ಹಾಗೇ ನೆಟ್ರೆ ಒಂದು ಬಕೆಟ್ಟಲ್ಲಿ ಗೊತ್ತಿಲ್ಲದೆ ಎರಡು ಗಿಡ ಆಯ್ತು. ಅದರಲ್ಲಿ ಕಾಂಡ ದಪ್ಪ ಇರೋದನ್ನ ಇಟ್ಕೊಂಡು ಇನ್ನೊಂದನ್ನ ಮಣ್ಣಿನ ಮಟ್ಟಕ್ಕೆ ಕತ್ತರಿಯಲ್ಲಿ ಕತ್ತರಿಸು. ಎಳೀಬೇಡ, ಬೇರು ಹೆಣ್ಕೊಂಡಿರುತ್ತೆ, ಉಳಿಬೇಕಾದ್ದೂ ಅಲುಗಿಹೋಗುತ್ತೆ. ಕತ್ತರಿಸುವಾಗ ಸಂಕಟ ಆಗುತ್ತೆ, ನಂಗೂ ಆಗುತ್ತೆ, ಜೀವ ಅಲ್ವಾ ಅದು. ನಮ್ಮನೆ ತುಳಸಿ ಬೃಂದಾವನದಲ್ಲಿ ಬೀಜ ಉದುರಿ 20, 30 ಸಸಿ ಎದ್ದಿದ್ವು, ತುಳಸಿ ಕೀಳೋಕೆ ಮನಸ್ಸೇ ಬರದೆ ಎಲ್ಲಾ ಬಿಟ್ಟಿದ್ದೆ. ತಾಯಿ ಗಿಡವೂ ಸೊರಗಿತು, ಮರಿಗಳೂ ದಾರದ ಹಾಗೆ ಉದ್ದಕ್ಕೆ ಹೋದ್ವು. ಈಗ ನಾಲ್ಕೆಲೆ ಬಂದ ತಕ್ಷಣ ಚಮಚದಲ್ಲಿ ಮಣ್ಣು ಸಮೇತ ಎತ್ತಿ ಪೇಪರ್ ಲೋಟಕ್ಕೆ ಹಾಕಿ, ಮನೆಗೆ ಬಂದ ಹೆಣ್ಮಕ್ಕಳಿಗೆ ಅರಿಶಿನ ಕುಂಕುಮದ ಜೊತೆ ಕೊಡ್ತೀನಿ.

ಬೇರೆ ಬೇರೆ ಜಾತಿ ಒಟ್ಟಿಗೆ ಹಾಕ್ಬಹುದಾ ಅಂತ ನಿಮ್ಮಮ್ಮ ಕೇಳಿದ್ಲು. ಹಾಕ್ಬಹುದು, ನೀರು ಕುಡಿಯೋ ಅಭ್ಯಾಸ ಒಂದೇ ಇರ್ಬೇಕು. ಟೊಮೇಟೊ ಸಣ್ಣದಿರುವಾಗ ಅದರ ಬುಡದಲ್ಲಿ ಒಂದು ಹಿಡಿ ಮೆಂತ್ಯ ಹಾಕಿದ್ರೆ ಗಿಡ ಹರಡೋ ಹೊತ್ತಿಗೆ ಮೆಂತ್ಯ ಮುಗಿದಿರುತ್ತೆ. ಪುದೀನವನ್ನ ಮಾತ್ರ ಯಾರ ಜೊತೆಗೂ ಸೇರಿಸ್ಬೇಡ, ನೆಲದೊಳಗೇ ಬಳ್ಳಿ ಬಿಟ್ಕೊಂಡು ಎಲ್ಲಾ ಕಡೆ ಎದ್ದು ಪಕ್ಕದವರ ಉಸಿರು ಕಟ್ಟಿಸುತ್ತೆ. ಲೋಳೆಸರದ ಪಕ್ಕ ಅಂತೂ ಬೇಡವೇ ಬೇಡ, ಒಂದಕ್ಕೆ ದಿನಾ ನೀರು, ಇನ್ನೊಂದು ದಿನಾ ನೀರಿಗೆ ಕೊಳೆಯುತ್ತೆ.

ಇನ್ನೊಂದು, ಆಷಾಢದ ಗಾಳಿ ಬರ್ತಿದೆ. ನಿಮ್ಮದು ಮೂರನೇ ಮಹಡಿ. ಈಗ್ಲೇ ಪ್ರತಿ ಟೊಮೇಟೊ ಪಕ್ಕ ಒಂದು ಕೋಲು ಊರ್ಬಿಡು, ಗಿಡ ದೊಡ್ಡದಾದ ಮೇಲೆ ಊರಿದ್ರೆ ಬೇರು ಸೀಳುತ್ತೆ. ಬಕೆಟ್ಟುಗಳನ್ನ ತಾರಸಿ ನಡುವೆ ಇಡ್ಬೇಡ, ಕೆಳಗಿನ ಮನೆ ಗೋಡೆ ಮೇಲೆ ಭಾರ ಬೀಳೋ ಹಾಗೆ ತಾರಸಿ ನೆಲದ ಅಂಚಿಗಿಡು. ನೆನೆದ ಮಣ್ಣು ಲೀಟರಿಗೆ ಒಂದೂವರೆ ಕೆಜಿ ಹತ್ತಿರ ತೂಗುತ್ತೆ, 20 ಲೀಟರ್ ಅಂದ್ರೆ ಸುಮಾರು 30 ಕೆಜಿ. ಬಾಡಿಗೆ ಮನೆ, ಓನರ್ ಹತ್ರ ಒಂದು ಮಾತು ಹೇಳಿರು.

ಹಾಗಾದ್ರೆ ನಿನ್ನ 5 ಬಕೆಟ್ಟು ಹೀಗೆ ಹಂಚು. ಎರಡಕ್ಕೆ ಒಂದೊಂದು ಟೊಮೇಟೊ. ಒಂದಕ್ಕೆ ಒಂದು ಬದನೆ. ಒಂದಕ್ಕೆ ಎರಡು ಮೆಣಸಿನಕಾಯಿ, ನಿಮ್ಮ ಮೂರು ಜನಕ್ಕೆ ಸಾಕಾಗಿ ಮಿಗುತ್ತೆ. ಇನ್ನೊಂದಕ್ಕೆ ಬೆಂಡೆ ಬೀಜ, ಎರಡು ಕಡೆ ಎರಡೆರಡು ಊರಿ, ಮೊಳೆತ ಮೇಲೆ ಕಡೆಗೊಂದು ಬಿಟ್ಟು ಉಳಿದದ್ದು ಕತ್ತರಿಸು. ಟಬ್ಬಿಗೆ ದಂಟು. ನೆಡೋದು ಸಂಜೆ 5ರ ಮೇಲೆ, ಬಿಸಿಲಿಗೆ ಬೇಡ.

ಮಿಕ್ಕಿದ್ದು 10 ಟೊಮೇಟೊ, 4 ಮೆಣಸು, 1 ಬದನೆ. ಎಸೀಬೇಡ, ಟ್ರೇಗೆ ನೀರು ಚಿಮುಕಿಸಿ ನೆರಳಲ್ಲಿಡು. ನನ್ನ ಹತ್ರ ಎರಡು ಬಕೆಟ್ಟು ಖಾಲಿ ಇದೆ, ಎರಡು ಟೊಮೇಟೊ ನಂಗೆ ಬೇಕು. ತಮ್ಮಾ, ನಿಂಗೆ ಪಾಂಡವಪುರದಲ್ಲಿ ಹಿತ್ತಲಿದೆ, ಉಳಿದದ್ದೆಲ್ಲ ನೀನು ತಗೊಂಡು ಹೋಗು, ಸಾಲಿಂದ ಸಾಲಿಗೆ 2 ಅಡಿ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಬಿಟ್ಟು ನೆಡು. ಭಾನುವಾರ ಎಲ್ರೂ ನಮ್ಮನೆಗೆ ಊಟಕ್ಕೆ ಬರ್ತೀರಲ್ಲ, ಪುಟ್ಟಿ, ಆಗ ಆ ಟ್ರೇ ತರೋದು ಮರೀಬೇಡ.