ಅಪ್ಪಯ್ಯನಿಗೆ ಮಿದುಳಿನ ಆಪರೇಷನ್ ಮಾಡಿಸಬಹುದಾ? ಅನುಭವ ಇದ್ದವರು ಹೇಳಿ

ಕೇಳಿದವಳು, ಶಿರಸಿ ಹತ್ತಿರದ ಹಳ್ಳಿಯಿಂದ

ಎಲ್ಲರಿಗೂ ನಮಸ್ಕಾರ. ಅಪ್ಪಯ್ಯನಿಗೆ 67 ವರ್ಷ. ಕೈ ನಡುಗುವ, ಮೈ ಬಿಗಿಯುವ ಪಾರ್ಕಿನ್ಸನ್ ಕಾಯಿಲೆ ಅಂತ ಗೊತ್ತಾಗಿ ಎಂಟು ವರ್ಷ ಆಯಿತು. ಲೆವೊಡೋಪಾ ಇರುವ ಸಿಂಡೋಪಾ ಮಾತ್ರೆ ದಿನಕ್ಕೆ ಆರು ಸಲ. ಮಾತ್ರೆ ಹಿಡಿದರೆ ಎರಡೂವರೆ ಗಂಟೆ ತೋಟಕ್ಕೂ ಹೋಗಿ ಬರುತ್ತಾರೆ, ಆದರೆ ಮೈಕೈ ಕುಣಿಯುತ್ತಿರುತ್ತದೆ. ಮಾತ್ರೆ ಇಳಿಯಿತೆಂದರೆ ಜಗಲಿಯ ಕಂಬದ ಹಾಗೆ ನಿಂತುಬಿಡುತ್ತಾರೆ. ಮಂಗಳೂರಿನ ಡಾಕ್ಟರು ಡಿಬಿಎಸ್ ಬಗ್ಗೆ ಯೋಚನೆ ಮಾಡಿ ಅಂದಿದ್ದಾರೆ. ಮಿದುಳಿನೊಳಗೆ ತಂತಿ ಇಟ್ಟು ಸಣ್ಣ ಕರೆಂಟು ಕೊಡುವುದಂತೆ. ಅದನ್ನು ಕೇಳಿ ಆಯಿಗೆ ಎರಡು ದಿನ ಊಟ ಸೇರಲಿಲ್ಲ.

ಇನ್ನೊಂದು ಕಡೆ ಹೊಟ್ಟೆಯ ತಾಪತ್ರಯ. ನಾಲ್ಕು ದಿನಕ್ಕೊಮ್ಮೆ ಸಂಡಾಸು. ಗ್ಯಾಸ್ ಅಂತ ಪೇಟೆಯಿಂದ ತಂದ ಮಾತ್ರೆ ಒಂದು ವರ್ಷದಿಂದ ನಡೆಯುತ್ತಿದೆ. ಬೆಂಗಳೂರಿನ ಅಣ್ಣ, ಈ ರೋಗ ಶುರುವಾಗುವುದೇ ಹೊಟ್ಟೆಯಲ್ಲಿ, ಕರುಳಿನ ಬ್ಯಾಕ್ಟೀರಿಯಾ ಬದಲಿಸಿದರೆ ಸಾಕು ಅಂತ ದಿನಾ ವಿಡಿಯೊ ಕಳಿಸುತ್ತಾನೆ. ಚಿಕ್ಕಪ್ಪ ನಸಗುನ್ನಿ ಬೀಜದ ಪುಡಿ ಕೊಡಿ ಅನ್ನುತ್ತಾನೆ. ನನಗೆ ತಲೆ ಕೆಟ್ಟಿದೆ. ಇದನ್ನೆಲ್ಲ ದಾಟಿ ಬಂದವರು ಯಾರಾದರೂ ಇದ್ದೀರಾ?

ಕುಮಟಾದ ನಿವೃತ್ತ ಮಾಸ್ತರ

ತಂಗೀ, ನಾನೇ ಆ ಆಪರೇಷನ್ ಮಾಡಿಸಿಕೊಂಡವನು. 2021ರಲ್ಲಿ, ಬೆಂಗಳೂರಿನಲ್ಲಿ. ಕುತ್ತಿಗೆಯ ಕೆಳಗೆ, ಎದೆಯ ಚರ್ಮದ ಒಳಗೆ ಬ್ಯಾಟರಿ ಇದೆ. ಮೊಮ್ಮಗ ಅದನ್ನು ಮುಟ್ಟಿ ನೋಡಿ "ಅಜ್ಜನ ಮೊಬೈಲು" ಅನ್ನುತ್ತಾನೆ.

ಅವರು ಹೋದ ಕೂಡಲೇ ಆಪರೇಷನ್ ಮಾಡುವುದಿಲ್ಲ. ಮೊದಲು ಪರೀಕ್ಷೆ. ರಾತ್ರಿಯಿಂದ ಮಾತ್ರೆ ನಿಲ್ಲಿಸಿ, ಬೆಳಿಗ್ಗೆ ಮೈ ಪೂರಾ ಬಿಗಿದಿರುವಾಗ ಅಂಕ ಹಾಕುತ್ತಾರೆ. ಆಮೇಲೆ ಒಂದು ದೊಡ್ಡ ಡೋಸ್ ಕೊಟ್ಟು ಮತ್ತೆ ಅಂಕ. ಮೂವತ್ತು ವರ್ಷ ಬೇರೆಯವರಿಗೆ ಅಂಕ ಹಾಕಿದವನು ನಾನು, ಅವತ್ತು ನನ್ನ ಸರದಿ. ಮಾತ್ರೆಯಿಂದ ಏನು ಸುಧಾರಿಸುತ್ತದೋ ಸಾಧಾರಣವಾಗಿ ಅದೇ ಕರೆಂಟಿನಿಂದಲೂ ಸುಧಾರಿಸುತ್ತದೆ. ಅದಕ್ಕೇ ಈ ಪರೀಕ್ಷೆ. ನಡುಕದ ಲೆಕ್ಕ ಮಾತ್ರ ಬೇರೆ, ಮಾತ್ರೆಗೆ ಬಗ್ಗದ ನಡುಕವೂ ಇದಕ್ಕೆ ಬಗ್ಗಬಹುದು. ಮಾತ್ರೆ ಹಿಡಿದಾಗಲೂ ನಿಮ್ಮ ಅಪ್ಪಯ್ಯ ಬೀಳುತ್ತಾರಾ? ಮರೆವು ಇದೆಯಾ? ಇದ್ದರೆ ಮುಚ್ಚಿಡಬೇಡಿ. ಅಂಥ ಬೀಳುವಿಕೆಗೆ ಇದು ಮದ್ದಲ್ಲ. ಮರೆವು ಜೋರಾಗಿದ್ದವರಿಗೆ ಬೇಡ ಅನ್ನುತ್ತಾರೆ.

ಆಪರೇಷನ್ ದಿನ ತಲೆಗೆ ಒಂದು ಚೌಕಟ್ಟು ಕೂರಿಸಿದರು. ಈಗ ಕೆಲವು ಕಡೆ ಪೂರ್ತಿ ಮಲಗಿಸಿಯೇ ಮಾಡುತ್ತಾರಂತೆ. ನನಗೆ ಎಚ್ಚರ ಇತ್ತು. ತೂತು ಕೊರೆಯುವಾಗ ನೋವಿಲ್ಲ, ಸದ್ದು ಮಾತ್ರ ತಲೆಯೊಳಗೆ ಅಡಿಕೆ ಸುಲಿಯುವ ಮಷಿನ್ ಓಡಿದ ಹಾಗೆ. ತಂತಿ ಇಳಿಸುತ್ತಾ, ಮುಷ್ಟಿ ಬಿಚ್ಚಿ, ಮುಚ್ಚಿ, ಮಗ್ಗಿ ಹೇಳಿ ಅಂದರು. ಜಂಬಕ್ಕೆ ಹದಿನೇಳರ ಮಗ್ಗಿ ಹಿಡಿದೆ. ನೂರಾ ಹತ್ತೊಂಬತ್ತಕ್ಕೆ ಬರುವಷ್ಟರಲ್ಲಿ ಬಲಗೈ ನಡುಕ ಟಕ್ಕನೆ ನಿಂತಿತು. ಕಣ್ಣಲ್ಲಿ ನೀರು ಬಂತು, ಮುಂದಿನ ಮಗ್ಗಿ ಮರೆತುಹೋಯಿತು.

ಈ ಚಿಕಿತ್ಸೆ ಸಿಕ್ಕಿದ್ದು ಒಂದು ಮಾಡಲು ಹೋಗಿ ಇನ್ನೊಂದು ಆದಾಗ. ಮೊದಲೆಲ್ಲ ನಡುಕಕ್ಕೆ ಕಾರಣವಾದ ಜಾಗವನ್ನು ಸುಟ್ಟುಬಿಡುತ್ತಿದ್ದರು. ಸುಡುವ ಮುಂಚೆ ಜಾಗ ಸರಿಯಿದೆಯಾ ಅಂತ ನೋಡಲು ಕರೆಂಟು ಹಾಯಿಸುತ್ತಿದ್ದರು. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಬೆನಾಬಿದ್ ಎಂಬ ಡಾಕ್ಟರು ಸೆಕೆಂಡಿಗೆ ನೂರು ಸಲದ ಆಸುಪಾಸಿನಲ್ಲಿ ಮಿಡಿತ ಕೊಟ್ಟಾಗ ನಡುಕ ನಿಂತೇಹೋಯಿತು. ಹಾಗಿದ್ದ ಮೇಲೆ ಸುಡುವುದ್ಯಾಕೆ, ತಂತಿ ಅಲ್ಲೇ ಇರಲಿ ಅಂತ ಶುರುವಾದದ್ದು ಇದು. ಪಾರ್ಕಿನ್ಸನ್‌ಗೆ ಅಮೆರಿಕದ ಔಷಧ ಸಂಸ್ಥೆ ಎಫ್‌ಡಿಎ ಒಪ್ಪಿದ್ದು 2002ರಲ್ಲಿ. 2025ರ ಫೆಬ್ರವರಿಯಲ್ಲಿ ಇನ್ನೊಂದು ಬಗೆಗೂ ಒಪ್ಪಿಗೆ ಸಿಕ್ಕಿದೆ. ಅದು ಮಿದುಳಿನ ಅಲೆಗಳನ್ನು ತಾನೇ ಓದಿಕೊಂಡು ಕರೆಂಟನ್ನು ಹೆಚ್ಚು ಕಡಿಮೆ ಮಾಡುತ್ತದೆ. ನನ್ನದು ಹಳೆಯ ಕಾಲದ್ದು, ಒಂದೇ ಸಮ ಹೊಡೆಯುತ್ತಲೇ ಇರುತ್ತದೆ.

ಇನ್ನು ಕಹಿ ಮಾತು. ಮಿದುಳಿನಲ್ಲಿ ರಕ್ತ ಸೋರುವ ಅಪಾಯ ನೂರರಲ್ಲಿ ಒಬ್ಬಿಬ್ಬರಿಗೆ ಇದೆ. ಸೋಂಕಾದರೆ ಎಲ್ಲ ತೆಗೆಯಬೇಕಾಗಬಹುದು. ನನಗೆ ಅದಾವುದೂ ಆಗಲಿಲ್ಲ, ಆದರೆ ದನಿ ಹೋಯಿತು. ಕೊನೆಯ ಬೆಂಚಿಗೆ ಕೇಳುತ್ತಿದ್ದ ದನಿ ಈಗ ಪಕ್ಕದಲ್ಲಿ ಕೂತ ಹೆಂಡತಿಗೂ ಕೇಳುವುದಿಲ್ಲ. ಅವಳಿಗೆ ಆರಾಮ! ಖರ್ಚು 14 ಲಕ್ಷ ದಾಟಿತು. ಮೊದಲ ವರ್ಷ ಕರೆಂಟಿನ ಅಳತೆ ಸರಿಮಾಡಿಸಲು ಆರು ಸಲ ಪಂಚಗಂಗಾ ರೈಲು ಹತ್ತಿದೆ. ಮಾತ್ರೆ ಬಿಟ್ಟುಹೋಗಲಿಲ್ಲ, ಅರ್ಧಕ್ಕೆ ಇಳಿಯಿತು. ಬ್ಯಾಟರಿಯನ್ನು ಚಾರ್ಜ್ ಮಾಡಬೇಕು. ಆಷಾಢದಲ್ಲಿ ನಮ್ಮಲ್ಲಿ ಕರೆಂಟು ಹೋದರೆ ಬರುವುದು ಯಾವಾಗಲೋ, ಅದಕ್ಕೆ ಇನ್ವರ್ಟರ್ ಹಾಕಿಸಿದೆ. ಬೆನ್ನುನೋವು ಅಂತ ಫಿಸಿಯೊಥೆರಪಿಗೆ ಹೋದಾಗ ಡಯಾಥರ್ಮಿ ಶಾಖ ಕೊಡಲು ಬಂದರೆ ಕೈಮುಗಿದು ಬೇಡ ಅನ್ನಿ. ಆ ಶಾಖ ತಂತಿಯ ತುದಿಗೆ ಇಳಿದು ಮಿದುಳನ್ನೇ ಸುಡಬಹುದು.

ಇಷ್ಟೆಲ್ಲ ಆದಮೇಲೂ, ಮತ್ತೆ ಮಾಡಿಸಿಕೊಳ್ಳುತ್ತೀರಾ ಅಂದರೆ ಹೂಂ ಅನ್ನುತ್ತೇನೆ. ಶರ್ಟಿನ ಗುಂಡಿ ನಾನೇ ಹಾಕಿಕೊಳ್ಳುತ್ತೇನೆ, ಅಷ್ಟು ಸಾಕಲ್ವಾ.

ಕಾರವಾರದಿಂದ ಒಬ್ಬ ಸೊಸೆ

ಅಕ್ಕಾ, ಆಪರೇಷನ್ ವಿಷಯ ಮಾಸ್ತರರು ಹೇಳಿದರು. ನನಗೆ ನಿಮ್ಮ ಬರಹದಲ್ಲಿ ಚುಚ್ಚಿದ್ದು ಆ ಗ್ಯಾಸಿನ ಮಾತ್ರೆ. ಅದರ ಹಿಂದೆ ಏನು ಬರೆದಿದೆ ನೋಡಿದಿರಾ?

ನಮ್ಮ ಅತ್ತೆಗೆ ಎದೆ ಉರಿ. ಒಂದು ಕಡೆ ತೋರಿಸಿದಾಗ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಅಂತ ಬರೆದುಕೊಟ್ಟರು. ಎಷ್ಟು ದಿನ ಅಂತ ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. 14 ತಿಂಗಳು ನುಂಗಿದರು. ನಿಧಾನಕ್ಕೆ ಕೈ ನಡುಗಲು ಶುರುವಾಯಿತು. ಬಂಗಡೆ ಹೆಚ್ಚುತ್ತಿದ್ದ ಕೈ ಚಾ ಕಪ್ಪು ಹಿಡಿಯಲಾರದಾಯಿತು. ಮುಖದಲ್ಲಿ ನಗು ಇಲ್ಲ, ಬಾಯಿಂದ ಜೊಲ್ಲು. ಇನ್ನೊಂದು ಕಡೆ ಪಾರ್ಕಿನ್ಸನ್ ಅಂದುಬಿಟ್ಟರು. ಸಿಂಡೋಪಾ ಶುರುವಾಯಿತು. ಗ್ಯಾಸಿನ ಮಾತ್ರೆಯೂ ಜೊತೆಗೇ ನಡೆಯಿತು!

ಮೂರನೆಯ ಡಾಕ್ಟರು ಮಾತ್ರ, ಮನೆಯಲ್ಲಿರುವ ಎಲ್ಲ ಮಾತ್ರೆ ತಂದು ಮೇಜಿನ ಮೇಲೆ ಸುರಿಯಿರಿ ಅಂದರು. ನೋಡಿದರೆ ಆ ಗ್ಯಾಸಿನ ಮಾತ್ರೆಯಲ್ಲಿ ಆಸಿಡ್ ಕಡಿಮೆ ಮಾಡುವ ಔಷಧದ ಜೊತೆ ಲೆವೊಸಲ್ಪಿರೈಡ್ ಇತ್ತು. ಮೈಕೈ ಸರಾಗವಾಗಿ ಆಡಲು ಮಿದುಳಿಗೆ ಡೋಪಮಿನ್ ಬೇಕು, ಪಾರ್ಕಿನ್ಸನ್‌ನಲ್ಲಿ ಕಡಿಮೆಯಾಗುವುದು ಅದೇ. ಈ ಔಷಧ ಅದಕ್ಕೇ ಅಡ್ಡ ಬರುತ್ತದೆ. ಹೊಟ್ಟೆ ಬೇಗ ಖಾಲಿಯಾಗಲಿ ಅಂತ ಕೊಡುತ್ತಾರೆ, ಆದರೆ ಮಿದುಳಿನಲ್ಲೂ ಅದೇ ಕೆಲಸ ಮಾಡುತ್ತದೆ. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆಯೇ ಇಲ್ಲ. ನಮ್ಮಲ್ಲಿ ನೀರಿನ ಹಾಗೆ ಹೋಗುತ್ತದೆ. ನಿಲ್ಲಿಸಿದ ಮೇಲೆ ಐದು ತಿಂಗಳು ಬೇಕಾಯಿತು, ಈಗ ಅತ್ತೆ ಮೊದಲಿನ ಹಾಗೆ ನನ್ನನ್ನು ಬೈಯುತ್ತಾರೆ. ಎಲ್ಲರಿಗೂ ಹೀಗೆ ಪೂರ್ತಿ ಹೋಗುವುದಿಲ್ಲ ಅಂತ ಡಾಕ್ಟರು ಹೇಳಿದ್ದರು.

ನಿಮ್ಮ ಅಪ್ಪಯ್ಯನದು ಎಂಟು ವರ್ಷದ ಕಾಯಿಲೆ, ಹಾಗಾಗಿ ಅದು ನಿಜವಾದ ಪಾರ್ಕಿನ್ಸನ್ನೇ ಇರಬೇಕು. ಆದರೂ ಒಂದು ವರ್ಷದಿಂದ ಜಾಸ್ತಿಯಾಗಿದ್ದರೆ? ಒಂದು ಮಾತ್ರೆ ಡೋಪಮಿನ್ ತುಂಬುತ್ತದೆ, ಇನ್ನೊಂದು ಬಾಗಿಲಿಗೆ ಅಗುಳಿ ಹಾಕುತ್ತದೆ. ಹಾಗಿರುವಾಗ 14 ಲಕ್ಷದ ಮಾತು ಯಾಕೆ ಈಗಲೇ? ಹೆಸರಿನ ಕೊನೆಗೆ ಎಲ್ ಅಂತ ಇರುವ ಹಲವು ಗ್ಯಾಸಿನ ಮಾತ್ರೆಗಳಲ್ಲಿ ಇದಿರುತ್ತದೆ. ಆದರೆ ಹೆಸರನ್ನು ನಂಬಬೇಡಿ, ಹಿಂದಿನ ಸಣ್ಣ ಅಕ್ಷರ ಓದಿ.

ಅಂಕೋಲೆಯ ಮೆಡಿಕಲ್ ಶಾಪಿನವ

ಸೊಸೆಯವರು ಹೇಳಿದ್ದು ಸರಿ. ತಪ್ಪು ನಮ್ಮದೂ ಇದೆ. ಎರಡು ವರ್ಷದ ಹಳೆಯ ಚೀಟಿ ಹಿಡಿದು ಬಂದವರಿಗೆ ನಾನೂ ಎಷ್ಟೋ ಸಲ ಸುಮ್ನೆ ಸ್ಟ್ರಿಪ್ ಹರಿದು ಕೊಟ್ಟಿದ್ದೇನೆ.

ಪಾರ್ಕಿನ್ಸನ್ ಇದ್ದವರಿಗೆ ಆಗದ ಈ ಮದ್ದುಗಳ ಹೆಸರನ್ನು ಬರೆದು ಮನೆಯ ಗೋಡೆಗೆ ಅಂಟಿಸಿ. ಗ್ಯಾಸಿಗೆ ಲೆವೊಸಲ್ಪಿರೈಡ್. ವಾಂತಿಗೆ ಮೆಟೊಕ್ಲೊಪ್ರಮೈಡ್. ತಲೆ ತಿರುಗಿದರೆ ಕೊಡುವ ಸಿನ್ನರಿಜಿನ್ ಮತ್ತು ಪ್ರೊಕ್ಲೋರ್‌ಪೆರಜಿನ್. ಅರೆತಲೆನೋವಿಗೆ ಫ್ಲುನರಿಜಿನ್. ಮೆಟೊಕ್ಲೊಪ್ರಮೈಡನ್ನು ಐದು ದಿನಕ್ಕಿಂತ ಜಾಸ್ತಿ ಕೊಡಬೇಡಿ ಅಂತ ಯುರೋಪಿನ ಔಷಧ ಸಂಸ್ಥೆ 2013ರಲ್ಲೇ ಹೇಳಿದೆ. ಡೊಂಪೆರಿಡೋನ್ ಮಿದುಳಿಗೆ ಅಷ್ಟಾಗಿ ದಾಟುವುದಿಲ್ಲ, ಹಾಗಾಗಿ ಪಾರ್ಕಿನ್ಸನ್ ಇದ್ದವರಿಗೆ ಅದನ್ನು ಬರೆಯುವುದುಂಟು. ಆದರೆ ಅದಕ್ಕೆ ಹೃದಯದ ಬಡಿತದ ತಕರಾರಿದೆ. 2014ರಲ್ಲಿ ಅದಕ್ಕೂ ದಿನಕ್ಕೆ 30 ಮಿಲಿಗ್ರಾಂ, ಸಾಮಾನ್ಯವಾಗಿ ಒಂದು ವಾರ ಅಂತ ಮಿತಿ ಹಾಕಿದರು.

ಕವಳ ಹಾಕುತ್ತಾರಾ ನಿಮ್ಮ ಅಪ್ಪಯ್ಯ? ಶಿರಸಿ ಕಡೆಯವರು, ಹಾಕದೆ ಇರುತ್ತಾರಾ! ನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್ ಮಾತ್ರೆ ಇದ್ದರೆ ಡಾಕ್ಟರಿಗೆ ಕವಳದ ವಿಷಯ ಹೇಳಿ. ಅಡಿಕೆಯಲ್ಲಿರುವ ಅರೆಕೊಲಿನ್ ಅದಕ್ಕೆ ತದ್ವಿರುದ್ಧ ಕೆಲಸ ಮಾಡುತ್ತದೆ. ಆ ಮಾತ್ರೆ ವಯಸ್ಸಾದವರಿಗೆ ಮಲಬದ್ಧತೆ, ಮರೆವು, ಗಲಿಬಿಲಿ ತರುವುದೂ ಹೌದು.

ದಯವಿಟ್ಟು ಇದನ್ನು ಓದಿ ಯಾವುದನ್ನೂ ನೀವೇ ನಿಲ್ಲಿಸಬೇಡಿ. ಸಿಂಡೋಪಾವನ್ನಂತೂ ಒಂದೇ ಸಲಕ್ಕೆ ಬಿಡಲೇಬಾರದು, ಜ್ವರ ಏರಿ ಮೈ ಸೆಟೆದು ಜೀವಕ್ಕೇ ಬರಬಹುದು. ಔಷಧದಿಂದ ತೊಂದರೆಯಾದರೆ ನೀವೇ ದೂರು ಕೊಡಬಹುದು, ಸರ್ಕಾರದ ಸಹಾಯವಾಣಿ 1800-180-3024. ಔಷಧಗಳ ತೊಂದರೆ ಗಮನಿಸುವ ಸರ್ಕಾರಿ ವ್ಯವಸ್ಥೆ 2010ರಿಂದ ಇದೆ. ನನ್ನ ಅಂಗಡಿಯಲ್ಲಿ ಅದರ ಬಗ್ಗೆ ಕೇಳಿದವರು ಈತನಕ ಒಬ್ಬರೂ ಇಲ್ಲ.

ಯಲ್ಲಾಪುರದಿಂದ

ಹೊಟ್ಟೆಯ ವಿಷಯ ನಾನು ಹೇಳುತ್ತೇನೆ. ನಮ್ಮನೆಯವರಿಗೆ ಹನ್ನೊಂದು ವರ್ಷದಿಂದ ಇದೇ ರೋಗ. ಅಕ್ಕನ ಮಗಳು ಮೈಕ್ರೋಬಯಾಲಜಿ ಓದಿದವಳು, ಅವಳ ತಲೆ ತಿಂದು ತಿಳಿದುಕೊಂಡದ್ದು.

ನಿಮ್ಮ ಅಣ್ಣ ಪೂರಾ ಸುಳ್ಳು ಹೇಳುತ್ತಿಲ್ಲ. ಎಷ್ಟೋ ಜನರಿಗೆ ನಡುಕಕ್ಕಿಂತ ವರ್ಷಗಟ್ಟಲೆ ಮೊದಲೇ ಮಲಬದ್ಧತೆ ಇರುತ್ತದೆ. ರೋಗ ಕರುಳಿನಿಂದ ನರದ ದಾರಿ ಹಿಡಿದು ಮಿದುಳಿಗೆ ಏರುತ್ತಿರಬಹುದು ಅಂತ 2003ರಲ್ಲಿ ಜರ್ಮನಿಯ ಬ್ರಾಕ್ ಹೇಳಿದರು. ಕೆಲವರಲ್ಲಿ ಹಾಗೆ, ಎಲ್ಲರಲ್ಲೂ ಅಲ್ಲ ಅಂತ ಈಗ ಅನ್ನುತ್ತಾರೆ. ಆದರೆ ಬ್ಯಾಕ್ಟೀರಿಯಾ ಬದಲಿಸಿದರೆ ಸಾಕು ಅನ್ನುವುದು ದೂರದ ಮಾತು. ಆರೋಗ್ಯವಂತರ ಮಲದ ಬ್ಯಾಕ್ಟೀರಿಯಾವನ್ನು ರೋಗಿಗಳ ಕರುಳಿಗೆ ಹಾಕಿ ನೋಡಿದ ಎರಡು ಪ್ರಯೋಗ 2024ರಲ್ಲಿ ಬಂದವು. ಬೆಲ್ಜಿಯಂನ ಗೆಂಟ್‌ನಲ್ಲಿ 46 ಜನರಿಗೆ ಮಾಡಿದ್ದರಲ್ಲಿ ವರ್ಷದ ಕೊನೆಗೆ ಚಲನೆಯಲ್ಲಿ ಸಣ್ಣ ಸುಧಾರಣೆ ಕಂಡಿತು. ಫಿನ್‌ಲೆಂಡಿನದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಅಣ್ಣ ಕಳಿಸಿದ ವಿಡಿಯೊ ಮೊದಲನೆಯದರದ್ದೇ ಇರಬೇಕು!

ನನಗೆ ಉಪಯೋಗಕ್ಕೆ ಬಂದದ್ದು ಬೇರೆ. ಸಿಂಡೋಪಾ ಕೆಲಸ ಶುರುಮಾಡುವುದು ಹೊಟ್ಟೆ ದಾಟಿ ಸಣ್ಣ ಕರುಳಿಗೆ ಹೋದ ಮೇಲೆ. ಹೊಟ್ಟೆ ನಿಧಾನವಾದರೆ ಮಾತ್ರೆಯೂ ಅಲ್ಲೇ ಕೂತಿರುತ್ತದೆ. ಬೇಳೆ, ಹಾಲು, ಮೊಸರು, ಮೀನಿನ ಪ್ರೋಟೀನ್ ಅದರ ಜೊತೆ ಒಂದೇ ಬಾಗಿಲಲ್ಲಿ ನುಗ್ಗಾಡುತ್ತದೆ. ಅದಕ್ಕೇ ಊಟಕ್ಕೆ ಅರ್ಧ ಗಂಟೆ ಮೊದಲು ನೀರಿನ ಜೊತೆ ನುಂಗಬೇಕು. ನಮ್ಮವರು ಹಾಲು ಹಾಕಿದ ಕಷಾಯದ ಜೊತೆ ನುಂಗುತ್ತಿದ್ದರು, ಮೂರು ವರ್ಷ ಯಾರೂ ಹೇಳಲಿಲ್ಲ. ಬದಲಿಸಿದ ವಾರದಲ್ಲೇ ಬೆಳಗಿನ ಹೊತ್ತು ಹಗುರಾಯಿತು. ಕಬ್ಬಿಣದ ಮಾತ್ರೆ ಇದ್ದರೆ ಅದನ್ನೂ ಬೇರೆ ಹೊತ್ತಿಗೆ ಇಡಿ.

ಇನ್ನೊಂದು ಸೋಜಿಗ. ಕರುಳಿನಲ್ಲಿರುವ ಎಂಟರೊಕಾಕಸ್ ಫೀಕಾಲಿಸ್ ಎಂಬ ಬ್ಯಾಕ್ಟೀರಿಯಾ, ಮಿದುಳಿಗೆ ಹೋಗಿ ಡೋಪಮಿನ್ ಆಗಬೇಕಾದ ಸಿಂಡೋಪಾದ ಲೆವೊಡೋಪಾವನ್ನು ಅಲ್ಲೇ ಡೋಪಮಿನ್ ಮಾಡಿ ಮುಗಿಸಿಬಿಡುತ್ತದೆ ಅಂತ 2019ರಲ್ಲಿ ತೋರಿಸಿದರು. ಡೋಪಮಿನ್ ಮಿದುಳಿನೊಳಗೆ ದಾಟಲಾರದು, ಅಂದರೆ ಆ ಪಾಲು ದಂಡ. ಇದಕ್ಕೆ ಸದ್ಯಕ್ಕೆ ಅಂಗಡಿಯಲ್ಲಿ ಮದ್ದಿಲ್ಲ.

ಮಲಬದ್ಧತೆಗೆ ಇಸಬ್‌ಗೋಲ್, ನೀರು, ಬಾಳೆದಿಂಡು. ಡಾಕ್ಟರು ಕೊಟ್ಟ ಪುಡಿಯನ್ನು ಬಿಡದೆ ಕೊಡುತ್ತೇನೆ. ಪ್ರೊಬಯಾಟಿಕ್, ಅಂದರೆ ಒಳ್ಳೆಯ ಬ್ಯಾಕ್ಟೀರಿಯಾ ಇರುವ ಮದ್ದು, ಅದರ ಬಗ್ಗೆ ಮಲೇಷ್ಯಾದಲ್ಲಿ 72 ಜನರ ಮೇಲೆ ನಾಲ್ಕು ವಾರದ ಪ್ರಯೋಗ ಆಗಿದೆ, 2021ರದ್ದು. ಮಲಬದ್ಧತೆ ಕಡಿಮೆಯಾಯಿತು. ನಡುಕಕ್ಕಲ್ಲ, ಮಲಬದ್ಧತೆಗೆ. ಅಷ್ಟನ್ನೇ ನಂಬಿ ನಾವೂ ತಂದೆವು, ಸ್ವಲ್ಪ ಫರಕು ಇದೆ.

ನಸಗುನ್ನಿ ಮೋಸವಲ್ಲ. ಅದರ ಬೀಜದಲ್ಲಿ ಲೆವೊಡೋಪಾ ಇದೆ ಅಂತ 1937ರಲ್ಲೇ ಮದರಾಸಿನ ವಿಜ್ಞಾನಿಗಳು ಬೇರ್ಪಡಿಸಿ ತೋರಿಸಿದ್ದಾರೆ. ಕಷ್ಟ ಇರುವುದೇ ಅಲ್ಲಿ. ಅದರ ಮೇಲೆ ಆರು ಸಿಂಡೋಪಾ ಅಂದರೆ ಔಷಧದ ಮೇಲೆ ಔಷಧ, ಅಳತೆ ಮಾತ್ರ ಯಾರಿಗೂ ಗೊತ್ತಿಲ್ಲ. ಈಗಲೇ ಔಷಧಕ್ಕೆ ಮೈ ಕುಣಿಯುತ್ತಿದೆ ಅಂದಿರಲ್ಲ, ಚಿಕ್ಕಪ್ಪನಿಗೆ ಅಷ್ಟು ಹೇಳಿ.

ಸದಾಶಿವಗಡದಿಂದ

ಒಂದೇ ಮಾತು. ಪಾರ್ಕಿನ್ಸನ್‌ಗೆ ಕೊಡುವ ಪ್ರಮಿಪೆಕ್ಸೋಲ್ ಮಾತ್ರೆ ಇದ್ದರೆ ದುಡ್ಡಿನ ಮೇಲೆ ಕಣ್ಣಿಡಿ. ಜೀವಮಾನದಲ್ಲಿ ಇಸ್ಪೀಟು ಮುಟ್ಟದ ನಮ್ಮ ಮಾವ ಅದು ಶುರುವಾದ ಮೇಲೆ ಓಸಿ ಬರೆಸಲು ಹೊರಟರು, ಆಮೇಲೆ ಗೋವಾದ ಕ್ಯಾಸಿನೊ. ವಯಸ್ಸಿಗೆ ಬುದ್ಧಿ ಕೆಟ್ಟಿತು ಅಂತ ಬೈದೆವು. ಡೋಸ್ ಇಳಿಸಿದ ಮೇಲೆ ತಾನಾಗಿ ನಿಂತಿತು. ಪಾಪ, ಬೈದದ್ದಕ್ಕೆ ಈಗಲೂ ಬೇಜಾರಿದೆ.

ಕೇಳಿದವಳು, ಮೂರು ವಾರದ ನಂತರ

ಎಲ್ಲ ಸ್ಟ್ರಿಪ್‌ಗಳನ್ನು ಜಗಲಿಯ ಮೇಲೆ ಹರಡಿದೆ. ಹನ್ನೊಂದು ಬಗೆ ಇತ್ತು. ಸಣ್ಣ ಅಕ್ಷರ ಕಾಣದೆ ಮೊಬೈಲಿನಲ್ಲಿ ಫೋಟೊ ಹೊಡೆದು ದೊಡ್ಡದು ಮಾಡಿ ಓದಿದೆ. ಗ್ಯಾಸಿನ ಮಾತ್ರೆಯಲ್ಲಿ ಲೆವೊಸಲ್ಪಿರೈಡ್ 75 ಮಿಲಿಗ್ರಾಂ. ಹೋದ ವರ್ಷ ಘಟ್ಟದಲ್ಲಿ ಬಸ್ಸಿನಲ್ಲಿ ತಲೆ ತಿರುಗಿದ್ದಕ್ಕೆ ಕೊಟ್ಟ ಸಿನ್ನರಿಜಿನ್, ಅದೂ ದಿನಾ ರಾತ್ರಿ ನಡೆಯುತ್ತಲೇ ಇತ್ತು.

ಫೋಟೊ ಮಂಗಳೂರಿಗೆ ಕಳಿಸಿದೆ. ಡಾಕ್ಟರೇ ಫೋನ್ ಮಾಡಿದರು. ಈ ಎರಡು ನಿಲ್ಲಿಸಿ, ಸಿಂಡೋಪಾ ಮುಟ್ಟಬೇಡಿ, ಊಟಕ್ಕೆ ಮೊದಲು ಕೊಡಿ, ಮೂರು ತಿಂಗಳು ಬಿಟ್ಟು ಬನ್ನಿ, ಆಪರೇಷನ್ ಬೇಕೋ ಬೇಡವೋ ಆವಾಗ ಅಳೆದು ನೋಡೋಣ ಅಂದರು. ಬೇಡ ಅಂತ ಹೇಳಲಿಲ್ಲ. ಈ ಮಾತ್ರೆಗಳ ವಿಷಯ ನಾವೂ ಅಷ್ಟು ದಿನ ಅವರಿಗೆ ಹೇಳಿರಲಿಲ್ಲವಲ್ಲ.

ನಿಲ್ಲಿಸಿ ಹನ್ನೆರಡು ದಿನ ಆಯಿತು. ಫರಕು ಇದೆ ಅಂತ ಆಯಿ, ಇಲ್ಲ ಅಂತ ಅಪ್ಪಯ್ಯ. ಮಾಸ್ತರರೇ, ನೀವು ಬರೆದದ್ದನ್ನು ಓದಿ ಹೇಳಿದೆ. ಎಲ್ಲ ಕೇಳಿಸಿಕೊಂಡು, ಕವಳದ ತಟ್ಟೆ ಪಕ್ಕಕ್ಕಿಟ್ಟು, "ಹದಿನೇಳರ ಮಗ್ಗಿ ಬಾರದವರಿಗೆ ಮಾಡುವುದಿಲ್ಲವೋ ಏನೋ, ಕೇಳು" ಅಂದರು.