ತಡವಾಗಿ ಓಡುವ ಸ್ಟ್ಯಾಂಡ್‌ಬೈ: ಈಗಲೇ ಪ್ರೊಮೋಟ್ ಮಾಡಬಹುದಾ?

ಪ್ರಶ್ನೆ
ಪೋಸ್ಟ್‌ಗ್ರೆಸ್ 15 ಡೇಟಾಬೇಸ್, ಒಂದು ಪ್ರೈಮರಿ (ಆಪ್ ಬರೆಯುವ ಮುಖ್ಯ ಸರ್ವರ್), ಒಂದು ಸ್ಟ್ಯಾಂಡ್‌ಬೈ (ಅದರ ಬದಲಾವಣೆಗಳನ್ನು ನಕಲಿಸುತ್ತಿರುವ ಮೀಸಲು ಸರ್ವರ್). ಸ್ಟ್ಯಾಂಡ್‌ಬೈನಲ್ಲಿ ರಿಕವರಿ_ಮಿನ್_ಅಪ್ಲೈ_ಡಿಲೇ 4 ಗಂಟೆ ಇದೆ, ಅಂದರೆ ಪ್ರೈಮರಿಯ ಬದಲಾವಣೆ ಇಲ್ಲಿ 4 ಗಂಟೆ ತಡವಾಗಿ ಸೇರುತ್ತದೆ. ಬೆಳಿಗ್ಗೆ 11:40ಕ್ಕೆ ಆರ್ಡರ್ ಟೇಬಲ್ ಮೇಲೆ ವೇರ್ (ಯಾವ ಸಾಲುಗಳು ಅನ್ನುವ ಷರತ್ತು) ಇಲ್ಲದ ಡಿಲೀಟ್ ಓಡಿ ಕಮಿಟ್ (ಬದಲಾವಣೆ ಖಾಯಂ) ಕೂಡ ಆಗಿಹೋಯಿತು. ಈಗ 1:05. ಸ್ಟ್ಯಾಂಡ್‌ಬೈನಲ್ಲಿ ಸಾಲುಗಳು ಹಾಗೇ ಇವೆ, ಎಣಿಸಿ ನೋಡಿದೆ. ಪ್ರೈಮರಿ ನಿಲ್ಲಿಸಿ ಸ್ಟ್ಯಾಂಡ್‌ಬೈಯನ್ನು ಪ್ರೊಮೋಟ್ ಮಾಡಿ (ಅದನ್ನೇ ಮುಖ್ಯ ಸರ್ವರ್ ಆಗಿಸಿ) ಆಪ್ ಅನ್ನು ಈ ಕಡೆ ತಿರುಗಿಸಿದರೆ ಸಾಕಲ್ವಾ?

ಉತ್ತರ 1
ದಯವಿಟ್ಟು ಪ್ರೊಮೋಟ್ ಕೊಡಬೇಡಿ! ತಡ ಆಗೋದು ಅಪ್ಲೈ (ಡೇಟಾಗೆ ಸೇರಿಸೋದು) ಮಾತ್ರ, ವಾಲ್ (ಪ್ರತಿ ಬದಲಾವಣೆಯ ದಾಖಲೆ) ಆಗಲೇ ಬಂದು ಪಿಜಿ_ವಾಲ್ ಫೋಲ್ಡರ್‌ನಲ್ಲಿ ಕೂತಿದೆ. ಪ್ರೊಮೋಟ್ ಅಂದ ಕೂಡಲೇ ಅದು ಕಾಯೋದನ್ನು ಬಿಟ್ಟು ಕೈಯಲ್ಲಿರೋದನ್ನೆಲ್ಲ ಅಪ್ಲೈ ಮಾಡಿಯೇ ಎದ್ದೇಳುತ್ತದೆ, ಆ ಡಿಲೀಟ್ ಸಮೇತ. ಪಾಸ್ (pause, ಅಪ್ಲೈಯನ್ನು ತಾತ್ಕಾಲಿಕವಾಗಿ ನಿಲ್ಲಿಸೋದು) ಮಾಡಿ ಆಮೇಲೆ ಪ್ರೊಮೋಟ್ ಕೊಟ್ಟರೂ ಅದೇ ಕಥೆ. 3:40ರವರೆಗೆ ಸಮಯ ಇದೆ, ಮೊದಲು ಪಿಜಿ_ವಾಲ್_ರೀಪ್ಲೇ_ಪಾಸ್ ಓಡಿಸಿ. ಸ್ಥಿತಿ ಕೇಳಿದಾಗ 'ಪಾಸ್ಡ್' ಅಂತಲೇ ಬರಬೇಕು, 'ಪಾಸ್ ರಿಕ್ವೆಸ್ಟೆಡ್' ಅಂದರೆ ಇನ್ನೂ ನಿಂತಿಲ್ಲ.

ಪ್ರಶ್ನೆ ಕೇಳಿದವರು
ನಿಲ್ಲಿಸಿದೆ, 'ಪಾಸ್ಡ್' ಬಂತು. ಆದರೆ ಇದರಲ್ಲಿರೋದು 9 ಗಂಟೆಯ ಹೊತ್ತಿನ ಡೇಟಾ. 11:40ರವರೆಗಿನ ಆರ್ಡರ್‌ಗಳೂ ಬೇಕು.

ಉತ್ತರ 2
ಹಾಗಾದರೆ ಡಿಲೀಟ್‌ನ ಹಿಂದಿನ ಹೆಜ್ಜೆಯವರೆಗೆ ನಡೆಸಿ ನಿಲ್ಲಿಸಬೇಕು. ಸ್ಟ್ಯಾಂಡ್‌ಬೈನಲ್ಲಿ ಪಿಜಿ_ರಿಲೇಷನ್_ಫೈಲ್‌ನೋಡ್ ಕೇಳಿದರೆ ಡಿಸ್ಕ್‌ನಲ್ಲಿ ಆ ಟೇಬಲ್‌ನ ಫೈಲ್ ನಂಬರ್ ಸಿಗುತ್ತದೆ. ವಾಲ್ ಓದಿ ತೋರಿಸುವ ಪಿಜಿ_ವಾಲ್‌ಡಂಪ್‌ನಲ್ಲಿ 11:40ರ ಸುತ್ತ ಅದೇ ನಂಬರ್ ಮೇಲೆ ಸಾಲುಸಾಲಾಗಿ ಡಿಲೀಟ್ ರೆಕಾರ್ಡ್ ಬರುತ್ತವೆ, ಎಲ್ಲದರಲ್ಲೂ ಒಂದೇ ಟ್ರಾನ್ಸಾಕ್ಷನ್ ಐಡಿ ಇರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ಸ್ಟ್ಯಾಂಡ್‌ಬೈ ನಿಲ್ಲಿಸಿ, ಡೇಟಾ ಫೋಲ್ಡರ್ ಪೂರ್ತಿ ಕಾಪಿ ಮಾಡಿ, ಇದನ್ನು ಮಾತ್ರ ಬಿಡಬೇಡಿ, ಎರಡನೇ ಅವಕಾಶ ಅಂತ ಇರೋದು ಅದೊಂದೇ. ಆಮೇಲೆ ಎಲ್ಲಿ ನಿಲ್ಲಬೇಕು ಅನ್ನುವ ಸೆಟ್ಟಿಂಗ್ ರಿಕವರಿ_ಟಾರ್ಗೆಟ್_ಎಕ್ಸ್‌ಐಡಿಗೆ ಆ ಐಡಿ, ಇನ್‌ಕ್ಲೂಸಿವ್ ಆಫ್ (ಆ ಟ್ರಾನ್ಸಾಕ್ಷನ್ ಬಿಟ್ಟು), ಆಕ್ಷನ್ ಪಾಸ್, ಡಿಲೇ 0. ಹಾಟ್ ಸ್ಟ್ಯಾಂಡ್‌ಬೈ (ಸ್ಟ್ಯಾಂಡ್‌ಬೈನಿಂದ ಡೇಟಾ ಓದಲು ಬಿಡುವ ಸೆಟ್ಟಿಂಗ್) ಆನ್ ಇರಲಿ. ಸ್ಟಾರ್ಟ್ ಮಾಡಿದರೆ ಆ ಕಮಿಟ್‌ಗೆ ಮೊದಲೇ ಬಂದು ನಿಲ್ಲುತ್ತದೆ.

ಉತ್ತರ 1
ಒಂದು ಮಾತು ಸೇರಿಸ್ತೀನಿ. ಫೇಲ್‌ಓವರ್ (ಸ್ಟ್ಯಾಂಡ್‌ಬೈಗೆ ಪೂರ್ತಿ ಬದಲಾಗೋದು) ನಿಜವಾಗಿ ಬೇಕಾ ಅಂತ ಯೋಚಿಸಿ. ಸ್ಟ್ಯಾಂಡ್‌ಬೈಯನ್ನೇ ಪ್ರೈಮರಿ ಮಾಡಿದರೆ 11:40ರಿಂದ ಈಚೆಗೆ ಬೇರೆ ಟೇಬಲ್‌ಗಳಲ್ಲಿ ಬರೆದದ್ದೆಲ್ಲ ಹೋಗುತ್ತದೆ. ಕೆಟ್ಟಿರೋದು ಒಂದೇ ಟೇಬಲ್ ಅಲ್ವಾ? ಅಲ್ಲಿ ನಿಂತಾಗ ಪಿಜಿ_ಡಂಪ್‌ನಿಂದ ಆ ಟೇಬಲ್ ಮಾತ್ರ ತೆಗೆದು ಪ್ರೈಮರಿಗೆ ಬೇರೆ ಹೆಸರಲ್ಲಿ ತುಂಬಿಸಿ, ಹೊಸ ಆರ್ಡರ್‌ಗಳ ಜೊತೆ ಸೇರಿಸಿ. ಪ್ರೈಮರಿ ಮಷಿನ್ನೇ ಸತ್ತಿದ್ದರೆ ಮಾತ್ರ ನೇರ ಪ್ರೊಮೋಟ್ ಸರಿ, ಆಗ ಉಳಿದ ವಾಲ್ ಎಲ್ಲ ಅಪ್ಲೈ ಆಗೋದೇ ನಮಗೂ ಬೇಕಾಗಿರುತ್ತದೆ.

ಪ್ರಶ್ನೆ ಕೇಳಿದವರು
ಐಡಿ ಸಿಕ್ಕಿತು, ಕಮಿಟ್ 11:40:17ಕ್ಕೆ ಆಗಿದೆ. ಈಗ ಫೋಲ್ಡರ್ ಕಾಪಿ ಆಗ್ತಿದೆ. ಟೇಬಲ್ ಮಾತ್ರ ತೆಗೆದು ಸೇರಿಸ್ತೀನಿ, ಪ್ರೈಮರಿಯನ್ನು ಹಾಗೇ ಬಿಡ್ತೀನಿ. ಆಮೇಲೆ ಟಾರ್ಗೆಟ್ ಸಾಲುಗಳನ್ನು ತೆಗೆದು ಡಿಲೇ 4 ಗಂಟೆಗೆ ವಾಪಸ್ ಇಟ್ಟು ರೀಸ್ಟಾರ್ಟ್ ಮಾಡಿದರೆ ಸ್ಟ್ಯಾಂಡ್‌ಬೈ ಮುಂದುವರಿಯುತ್ತದಾ?

ಉತ್ತರ 2
ಹೌದು. ಪ್ರೊಮೋಟ್ ಆಗಿಲ್ಲ, ಹಾಗಾಗಿ ಟೈಮ್‌ಲೈನ್ (ವಾಲ್ ಸರಣಿಯ ಗುರುತು) ಬದಲಾಗಿಲ್ಲ. ಅಲ್ಲಿಯವರೆಗೆ ಪಿಜಿ_ವಾಲ್ ಬೆಳೆಯಬಹುದು, ಡಿಸ್ಕ್ ಮೇಲೆ ಕಣ್ಣಿಡಿ.