ಒಂಬತ್ತನೇ ಕ್ಲಾಸಿಗೆ ಆಲ್ಜೀಬ್ರಾ 1 ಹಾಕಿದ್ದಾರೆ, ಸುಮ್ನಿರಲಾ, ಕೇಳಲಾ?

ಪ್ರಶ್ನೆ:
ನಮಸ್ಕಾರ. ಬೆಂಗಳೂರಿನಿಂದ ನ್ಯೂಜೆರ್ಸಿಗೆ ಹೊಸದಾಗಿ ಬಂದಿದ್ದೇವೆ. ಮಗಳು ಅಲ್ಲಿ ಸಿಬಿಎಸ್‌ಇ ಎಂಟನೇ ಕ್ಲಾಸ್ ಮುಗಿಸಿದ್ದಾಳೆ. ಇಲ್ಲಿ ಹೈಸ್ಕೂಲಿನ ಕೌನ್ಸೆಲರ್ ಅವಳಿಗೆ ಆಲ್ಜೀಬ್ರಾ 1 ಹಾಕಿದ್ದಾರೆ. ನಮ್ಮವರ ಆಫೀಸಿನವರ ಮಕ್ಕಳೆಲ್ಲ ಇದೇ ವಯಸ್ಸಿಗೆ ಜಿಯೊಮೆಟ್ರಿ ಆನರ್ಸ್‌ನಲ್ಲಿ (ಮಾಮೂಲಿಗಿಂತ ಮೇಲಿನ ಮಟ್ಟದ ಕ್ಲಾಸ್) ಇದ್ದಾರಂತೆ. ಕೇಳಿದ್ದಕ್ಕೆ "ಮೊದಲು ಸೆಟಲ್ ಆಗಲಿ, ಮುಂದಿನ ವರ್ಷ ನೋಡೋಣ" ಅಂದರು. ಇನ್ನೊಂದು ಸಲ ಹೋಗಿ ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರಾ? ನಮ್ಮ ಬಣ್ಣ, ನಮ್ಮ ಇಂಗ್ಲಿಷ್ ನೋಡಿ ಹೀಗೆ ಮಾಡಿದರಾ ಅನ್ನೋ ಅನುಮಾನವೂ ಇದೆ. ಅನುಭವ ಇದ್ದವರು ಹೇಳಿ.

ನ್ಯೂಜೆರ್ಸಿಯ ಎಡಿಸನ್‌ನಿಂದ, ಹನ್ನೊಂದನೇ ಕ್ಲಾಸಿನ ಹುಡುಗನ ಅಮ್ಮ:
ಹೋಗಿ ಕೇಳಿ ಅಕ್ಕಾ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಇಲ್ಲಿ ಗಣಿತ ವರ್ಷಕ್ಕೊಂದು ಭಾಗ. ಆಲ್ಜೀಬ್ರಾ 1, ಜಿಯೊಮೆಟ್ರಿ, ಆಲ್ಜೀಬ್ರಾ 2, ಪ್ರಿ-ಕ್ಯಾಲ್ಕುಲಸ್, ಆಮೇಲೆ ಕ್ಯಾಲ್ಕುಲಸ್. ಒಂಬತ್ತರಲ್ಲಿ ಮೊದಲನೆಯದರಿಂದ ಶುರು ಮಾಡಿದರೆ ಹನ್ನೆರಡಕ್ಕೆ ಪ್ರಿ-ಕ್ಯಾಲ್ಕುಲಸ್‌ಗೇ ನಿಲ್ಲುತ್ತದೆ. ಎಪಿ (ಹೈಸ್ಕೂಲಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸ್) ಕ್ಯಾಲ್ಕುಲಸ್ ತಲುಪಬೇಕು ಅಂದರೆ ಎಂಟರಲ್ಲೇ ಆಲ್ಜೀಬ್ರಾ ಮುಗಿದಿರಬೇಕು. ಅದಕ್ಕೆ ಆರನೇ ಕ್ಲಾಸಿನಲ್ಲೇ ಮಕ್ಕಳನ್ನು ಬೇರೆ ಮಾಡಿರುತ್ತಾರೆ. ಇದನ್ನ ಯಾರೂ ಕರೆದು ಹೇಳುವುದಿಲ್ಲ.

ನಿಮ್ಮ ಮಾರ್ಕ್ಸ್ ಕಾರ್ಡಿನಲ್ಲಿ ಬರೀ "ಮ್ಯಾಥಮ್ಯಾಟಿಕ್ಸ್" ಅಂತ ಇರುತ್ತದೆ. ಅದರೊಳಗೆ ಏನಿದೆ ಅಂತ ಕೌನ್ಸೆಲರ್‌ಗೆ ಹೇಗೆ ಗೊತ್ತಾಗಬೇಕು? ನಾನು ಎನ್‌ಸಿಇಆರ್‌ಟಿ ಪುಸ್ತಕದ ಪರಿವಿಡಿ ಪ್ರಿಂಟ್ ತೆಗೆದು, ಪಕ್ಕದಲ್ಲಿ ಇಲ್ಲಿನ ಆಲ್ಜೀಬ್ರಾ 1ರ ಪಾಠಗಳನ್ನು ಬರೆದು, ಎರಡೂ ಕಡೆ ಇರುವುದಕ್ಕೆ ಹಳದಿ ಹೈಲೈಟರ್ ಹಾಕಿ ತಗೊಂಡು ಹೋದೆ. ಮಗನ ನೋಟ್‌ಬುಕ್ಕೂ ಬ್ಯಾಗಲ್ಲಿತ್ತು. ಮ್ಯಾಥ್ಸ್ ವಿಭಾಗದ ಮುಖ್ಯಸ್ಥರು ಅದನ್ನು ತಿರುವಿ ನೋಡಿ ಪ್ಲೇಸ್‌ಮೆಂಟ್ ಟೆಸ್ಟಿಗೆ (ಯಾವ ಕ್ಲಾಸಿಗೆ ಹಾಕಬೇಕು ಅಂತ ನೋಡುವ ಪರೀಕ್ಷೆ) ಒಪ್ಪಿದರು.

ಒಂದು ಮಾತು. ನಮ್ಮ ಎಂಟನೇ ಕ್ಲಾಸಿನಲ್ಲಿ ವರ್ಗ ಸಮೀಕರಣ ಇಲ್ಲ, ಎರಡು ಚರಾಕ್ಷರದ ಸಮೀಕರಣ ಜೋಡಿಗಳೂ ಇಲ್ಲ. ಇಲ್ಲಿನ ಆಲ್ಜೀಬ್ರಾ 1ರಲ್ಲಿ ಎರಡೂ ಇವೆ. ಅವಷ್ಟನ್ನು ಓದಿಸಿ ಆಮೇಲೆ ಟೆಸ್ಟಿಗೆ ಕೂರಿಸಿ. ಆಗಲಿಲ್ಲ ಅಂದರೂ ದಾರಿ ಇದೆ: ಹತ್ತರಲ್ಲಿ ಜಿಯೊಮೆಟ್ರಿ ಮತ್ತು ಆಲ್ಜೀಬ್ರಾ 2 ಒಟ್ಟಿಗೆ ತಗೊಳ್ಳಲು ಎಷ್ಟೋ ಶಾಲೆಗಳು ಬಿಡುತ್ತವೆ. ಟೀಚರ್ ಬೇಡ ಅಂದ ಕ್ಲಾಸಿಗೆ ಅಪ್ಪ ಅಮ್ಮ ಸಹಿ ಹಾಕಿ ಸೇರಿಸುವ ವೇವರ್ ಫಾರ್ಮ್ ಅಂತಲೂ ಕೆಲವು ಕಡೆ ಇರುತ್ತದೆ. ವೆಬ್‌ಸೈಟಿನಲ್ಲಿ ಎಲ್ಲೋ ಮೂಲೆಯಲ್ಲಿ ಇಟ್ಟಿರುತ್ತಾರೆ, ಹುಡುಕಿ.

ಡಲ್ಲಾಸ್ ಹತ್ತಿರದಿಂದ, ಇಬ್ಬರು ಮಕ್ಕಳ ಅಪ್ಪ:
ಬಣ್ಣದ ಬಗ್ಗೆ ಕೇಳಿದ್ದೀರಲ್ಲ ಮೇಡಂ, ನನ್ನ ಅನುಭವ ಸ್ವಲ್ಪ ಬೇರೆ. ಇಂಡಿಯನ್ ಅಂದ ಕೂಡಲೇ ಮ್ಯಾಥ್ಸ್ ಬರುತ್ತೆ ಅಂತಲೇ ಲೆಕ್ಕ ಹಾಕುತ್ತಾರೆ. ನನ್ನ ದೊಡ್ಡವನು ಸಾಧಾರಣ. ಅವನನ್ನೂ ಆನರ್ಸ್‌ಗೆ ಹಾಕಿ ಅಂದಾಗ ಒಂದೇ ಇಮೇಲ್‌ನಲ್ಲಿ ಮುಗಿಯಿತು. ಅವನ ಜೊತೆ ಬಾಸ್ಕೆಟ್‌ಬಾಲ್ ಆಡುವ ಕಪ್ಪು ಹುಡುಗನಿಗೆ ಇವನಿಗಿಂತ ಜಾಸ್ತಿ ಮಾರ್ಕ್ಸ್. ಅವನ ಅಮ್ಮನಿಗೆ ಹೇಳಿದ್ದು, "ಆ ಕ್ಲಾಸಿನಲ್ಲಿ ಒತ್ತಡ ಜಾಸ್ತಿ, ಅವನಿಗೆ ಯಾಕೆ ಕಷ್ಟ?" ಅಂತ. ನಿಮಗೆ "ಸೆಟಲ್ ಆಗಲಿ" ಅಂದದ್ದು ಬಹುಶಃ ಹೊಸಬರು ಅಂತ. ಆ ಹುಡುಗನ ಮನೆಯವರಂಥವರಿಗೆ ಅದೇ ಮಾತು ವರ್ಷ ವರ್ಷವೂ ಬೇರೆ ಬೇರೆ ರೂಪದಲ್ಲಿ ಬರುತ್ತದೆ.

ನಮ್ಮ ಟೆಕ್ಸಾಸ್‌ನಲ್ಲಿ 2023ರಲ್ಲಿ ಕಾನೂನು ಬಂತು. ಐದನೇ ಕ್ಲಾಸಿನ ರಾಜ್ಯ ಪರೀಕ್ಷೆಯ ಗಣಿತದಲ್ಲಿ ಮೇಲಿನ ಶೇ. 40ರೊಳಗೆ ಬಂದ ಮಕ್ಕಳನ್ನು ಆರರಲ್ಲಿ ತಾನಾಗೇ ಅಡ್ವಾನ್ಸ್ಡ್ ಮ್ಯಾಥ್ಸ್‌ಗೆ ಹಾಕಬೇಕು. ಬೇಡ ಅಂದರೆ ಅಪ್ಪ ಅಮ್ಮ ಬರೆದುಕೊಡಬೇಕು. ಮುಂಚೆ ಬೇಕು ಅನ್ನುವವರು ಅಲೆಯಬೇಕಿತ್ತು, ಈಗ ಬೇಡ ಅನ್ನುವವರು ಅಲೆಯಲಿ. ನನಗಂತೂ ಇದು ಸರಿ ಅನ್ನಿಸಿತು.

ಫ್ಲೋರಿಡಾದಿಂದ, ಪ್ರೈಮರಿ ಶಾಲೆಯಲ್ಲಿ ಸಬ್‌ಸ್ಟಿಟ್ಯೂಟ್ ಟೀಚರ್:
ಡಲ್ಲಾಸ್‌ನವರು ಹೇಳಿದ್ದು ಅವರೊಬ್ಬರ ಅನುಭವ ಅಲ್ಲ. ನಮ್ಮ ರಾಜ್ಯದ ಬ್ರೋವರ್ಡ್ ಕೌಂಟಿ ಕಥೆ ಕೇಳಿ. ಅಲ್ಲಿ ಯಾವ ಮಗುವಿಗೆ ಗಿಫ್ಟೆಡ್ (ವಿಶೇಷ ಪ್ರತಿಭೆಯ ಮಕ್ಕಳ ಕಾರ್ಯಕ್ರಮ) ಟೆಸ್ಟ್ ಕೊಡಬೇಕು ಅಂತ ಟೀಚರೋ ಪೋಷಕರೋ ಸೂಚಿಸಬೇಕಿತ್ತು. ಗೊತ್ತಿದ್ದವರು ದುಡ್ಡು ಕೊಟ್ಟು ಪ್ರೈವೇಟ್ ಸೈಕಾಲಜಿಸ್ಟ್ ಹತ್ತಿರ ಟೆಸ್ಟ್ ಮಾಡಿಸಿ ತರುತ್ತಿದ್ದರು. 2005ರಲ್ಲಿ ಅದನ್ನು ಬದಲಾಯಿಸಿ, ಎರಡನೇ ಕ್ಲಾಸಿನ ಎಲ್ಲ ಮಕ್ಕಳಿಗೂ ಶಾಲೆಯಲ್ಲೇ ಮೊದಲ ಹಂತದ ಟೆಸ್ಟ್ ಕೊಟ್ಟರು. ಡೇವಿಡ್ ಕಾರ್ಡ್ ಮತ್ತು ಲಾರಾ ಜೂಲಿಯಾನೊ ಅನ್ನುವ ಅರ್ಥಶಾಸ್ತ್ರಜ್ಞರು ಅದರ ಲೆಕ್ಕ ತೆಗೆದರು. ಗಿಫ್ಟೆಡ್‌ಗೆ ಆಯ್ಕೆಯಾದ ಹಿಸ್ಪ್ಯಾನಿಕ್ ಮಕ್ಕಳ ಪ್ರಮಾಣ ಶೇ. 130ರಷ್ಟು, ಕಪ್ಪು ಮಕ್ಕಳದ್ದು ಶೇ. 80ರಷ್ಟು ಏರಿತ್ತು! ಮಕ್ಕಳೇನೂ ಒಂದೇ ವರ್ಷದಲ್ಲಿ ಜಾಣರಾಗಲಿಲ್ಲ. ಮುಂಚೆ ಅವರ ಹೆಸರನ್ನು ಯಾರೂ ಬರೆದಿರಲಿಲ್ಲ, ಅಷ್ಟೇ. ಆಮೇಲೆ ದುಡ್ಡಿಲ್ಲ ಅಂತ ಆ ಟೆಸ್ಟ್ ಕೈಬಿಟ್ಟರು, ಸಿಕ್ಕಿದ್ದೂ ಕೈ ಜಾರಿತು.

ನಾನು ಹೋಗುವ ಶಾಲೆಯ ಸ್ಟಾಫ್ ರೂಮಿನಲ್ಲಿ ಈಗಲೂ ಕೇಳಿಸುತ್ತದೆ, "ಆ ಮನೆಯಲ್ಲಿ ಹೋಮ್‌ವರ್ಕ್ ಮಾಡಿಸುವವರಿಲ್ಲ, ಸುಮ್ನೆ ಯಾಕೆ?" ಅಂತ. ಕೆಟ್ಟ ಮನಸ್ಸಿನಿಂದ ಹೇಳುವುದಿಲ್ಲ. ಅದೇ ಕಷ್ಟ.

ಕ್ಯಾಲಿಫೋರ್ನಿಯಾದಿಂದ, ರೆಸ್ಟೋರೆಂಟ್ ಕೆಲಸದ ಒಬ್ಬರು:
ಇಲ್ಲಿ ಎಲ್ಲರೂ ಐಟಿಯವರೇ ಮಾತಾಡುತ್ತಿದ್ದೀರಿ, ನಾನೂ ಸ್ವಲ್ಪ ಹೇಳುತ್ತೇನೆ. ನಾನು ಅಡುಗೆ ಕೆಲಸಕ್ಕೆ ಬಂದವನು, ಕುಂದಾಪುರ ಕಡೆ. ಪೇರೆಂಟ್ಸ್ ಮೀಟಿಂಗ್ ಇರುವುದು ಸಂಜೆ ಆರೂವರೆಗೆ. ಅದು ನಮ್ಮ ದೋಸೆ ಕಾವಲಿ ಕಾಯುವ ಹೊತ್ತು. ಯಾವ ಕ್ಲಾಸ್ ತಗೊಂಡರೆ ಎಲ್ಲಿಗೆ ಹೋಗುತ್ತದೆ ಅಂತ ಹೇಳುವ ವಾಟ್ಸಾಪ್ ಗುಂಪಿಗೆ ನಮ್ಮನ್ನು ಯಾರೂ ಸೇರಿಸಿರಲಿಲ್ಲ. ಟ್ಯೂಷನ್ ಮಾತು ಬಿಡಿ. ಹೋಟೆಲಿಗೆ ಬರುವ ಒಬ್ಬ ಮೇಡಂ ನನ್ನ ಮಗಳ ಮಾರ್ಕ್ಸ್ ಕೇಳಿ, "ಇವಳಿಗೆ ಎಪಿ ಹಾಕಿಸಿ ಭಟ್ರೇ" ಅಂದ ಮೇಲೆ ನಮಗೆ ಎಪಿ ಅಂದರೇನು ಅಂತ ಗೊತ್ತಾಗಿದ್ದು. ಪರೀಕ್ಷೆಗೆ ಸುಮಾರು ನೂರು ಡಾಲರ್ ಶುಲ್ಕ, ಒಂದೊಂದು ವಿಷಯಕ್ಕೆ. ಆದಾಯ ಕಡಿಮೆ ಇದ್ದವರಿಗೆ ಕಡಿತ ಇದೆ, ಕೌನ್ಸೆಲರ್‌ಗೆ ಹೇಳಿ ಅರ್ಜಿ ಹಾಕಿಸಬೇಕು. ನಾಚಿಕೆ ಪಡಬೇಡಿ.

ನಮ್ಮ ರಾಜ್ಯದಲ್ಲಿ 2015ರ ಒಂದು ಕಾಯ್ದೆ ಇದೆ. ಒಂಬತ್ತನೇ ಕ್ಲಾಸಿನ ಮ್ಯಾಥ್ಸ್ ಹಂಚಿಕೆ ಯಾವ ಆಧಾರದ ಮೇಲೆ ಅಂತ ಲಿಖಿತ ನೀತಿ ಇರಬೇಕು, ಶಾಲೆ ಶುರುವಾದ ಮೊದಲ ತಿಂಗಳೊಳಗೆ ಸರಿಯಾಗಿದೆಯಾ ಅಂತ ಮತ್ತೆ ನೋಡಬೇಕು, ಪೋಷಕರು ಪ್ರಶ್ನೆ ಮಾಡಲು ದಾರಿ ಇರಬೇಕು. ನ್ಯೂಜೆರ್ಸಿಯಲ್ಲೂ ನಿಮ್ಮ ಶಾಲೆಯ ನೀತಿಯನ್ನು ಬರಹದಲ್ಲಿ ಕೊಡಿ ಅಂತ ಕೇಳಿ. ಬಾಯಿಮಾತಲ್ಲಿ "ಇಲ್ಲ" ಅನ್ನುವುದು ಸುಲಭ, ಬರೆದುಕೊಡಿ ಅಂದರೆ ಸ್ವಲ್ಪ ಯೋಚನೆ ಮಾಡುತ್ತಾರೆ.

ವರ್ಜೀನಿಯಾದಿಂದ:
ಭಟ್ರು ಹೇಳಿದ್ದಕ್ಕೆ ಪೂರ್ತಿ ಸಹಮತ. ನಮ್ಮ ಫೇರ್‌ಫ್ಯಾಕ್ಸ್ ಕೌಂಟಿಯ ಥಾಮಸ್ ಜೆಫರ್ಸನ್ ಹೈಸ್ಕೂಲ್ (ಆಯ್ದ ಮಕ್ಕಳಿಗೆ ಮಾತ್ರ ಸೀಟು ಸಿಗುವ ಸರ್ಕಾರಿ ವಿಜ್ಞಾನ ಶಾಲೆ) 2020ರಲ್ಲಿ ಪ್ರವೇಶ ಪರೀಕ್ಷೆ ತೆಗೆದಾಗ ನಮ್ಮವರಲ್ಲಿ ಎಷ್ಟು ಗಲಾಟೆ! ಕೋರ್ಟಿಗೂ ಹೋಯಿತು, 2024ರಲ್ಲಿ ಸುಪ್ರೀಂ ಕೋರ್ಟ್ ಕೇಸ್ ಕೈಗೆತ್ತಿಕೊಳ್ಳಲಿಲ್ಲ. ನಾನು ಎರಡೂ ಕಡೆಯವರ ಮಾತು ಕೇಳಿದ್ದೇನೆ. ಪರೀಕ್ಷೆಗೆ ವರ್ಷಗಟ್ಟಲೆ ಕೋಚಿಂಗ್ ಕೊಡಿಸಿ ಆಮೇಲೆ "ಬರೀ ಮೆರಿಟ್" ಅನ್ನುವುದು ನನಗೆ ನುಂಗಲು ಕಷ್ಟ. ಹಾಸನದಲ್ಲಿ ನಾನು ಎಸ್ಸೆಸ್ಸೆಲ್ಸಿ ಮುಗಿಸಿದಾಗ, ಕಾಲೋನಿ ಹುಡುಗರಿಗೆ "ನಿಮಗೆ ಆರ್ಟ್ಸ್ ಸಾಕು" ಅಂತ ಮೇಷ್ಟ್ರು ಹೇಳಿದ್ದನ್ನು ಕಿವಿಯಾರೆ ಕೇಳಿದವನು ನಾನು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ವಿಭಾಗದ ಮುಖ್ಯಸ್ಥರಿಗೆ ಇಮೇಲ್ ಹಾಕಿದ್ದೇನೆ. ಇನ್ನೊಂದು ಡೌಟು. ಸೇರಿಸುವಾಗ "ಮನೆಭಾಷೆ" ಅನ್ನುವ ಕಡೆ ಕನ್ನಡ ಅಂತ ಬರೆದಿದ್ದೆ. ಈಗ ಅವಳಿಗೆ ಇಂಗ್ಲಿಷ್ ಟೆಸ್ಟ್ ಇದೆ ಅಂತಿದ್ದಾರೆ. ಅದನ್ನು ತಿದ್ದಿಸಬೇಕಾ?

ಎಡಿಸನ್‌ನಿಂದ:
ಬೇಡ ಅಕ್ಕಾ, ನಿಜವನ್ನೇ ಬರೆದಿದ್ದೀರಿ, ಅದು ಹಾಗೇ ಇರಲಿ. ಬೇರೆ ಭಾಷೆ ಬರೆದವರಿಗೆ ಸಾಮಾನ್ಯವಾಗಿ ಆ ಟೆಸ್ಟ್ ಬರುತ್ತದೆ. ಬೆಂಗಳೂರಲ್ಲಿ ಇಂಗ್ಲಿಷ್ ಮೀಡಿಯಂ ಓದಿದವಳಿಗೆ ಅದು ಕಷ್ಟ ಆಗಲಿಕ್ಕಿಲ್ಲ. ರಿಸಲ್ಟಿನ ಪ್ರತಿ ಇಸಕೊಳ್ಳಿ. ಮ್ಯಾಥ್ಸ್ ಟೆಸ್ಟನ್ನು ಇದಾದ ಮೇಲೆ ನೋಡೋಣ ಅಂದರೆ ಒಪ್ಪಬೇಡಿ, ಅದು ಬೇರೆ ಇದು ಬೇರೆ. ಕ್ಲಾಸ್ ಬದಲಾಯಿಸಲು ಕೊನೇ ದಿನ ಯಾವುದು ಅಂತ ಇವತ್ತೇ ಕೇಳಿಬಿಡಿ.